ನಿರ್ಮಾಣ ಯಂತ್ರಗಳ ಯಾರ್ಡ್ ಜಾಗದ ಪರಿಸರ ಮೌಲ್ಯಮಾಪನ

ಜೆಸಿಬಿ, ಎಕ್ಸ್‌ಕವೇಟರ್, ಟಿಪ್ಪರ್, ರೋಲರ್, ಕಾಂಕ್ರೀಟ್ ಮಿಕ್ಸರ್ ಮೊದಲಾದ ಯಂತ್ರಗಳನ್ನು ನಿಲ್ಲಿಸಲು, ಡೀಸೆಲ್ ತುಂಬಿಸಲು, ತೊಳೆಯಲು, ರಿಪೇರಿ ಮಾಡಲು ಬಳಸಿದ ಜಾಗದ ಮಣ್ಣು ಮತ್ತು ನೀರು ಕೆಟ್ಟಿವೆಯೇ, ಕೆಟ್ಟಿದ್ದರೆ ಎಷ್ಟು ಆಳದವರೆಗೆ, ಅದರಿಂದ ಯಾರಿಗೆ ಅಪಾಯ ಎಂದು ಕಂಡುಕೊಳ್ಳುವ ಕೆಲಸಕ್ಕೆ ಈ ಹೆಸರು. ಹಳೆಯ ದಾಖಲೆಗಳ ಓದು, ಜಾಗದ ಖುದ್ದು ಪರಿಶೀಲನೆ, ಅಲ್ಲಿ ದುಡಿದವರ ಜೊತೆ ಮಾತು, ಕೊನೆಗೆ ಮಣ್ಣು-ನೀರಿನ ಪರೀಕ್ಷೆ ಇದರ ಹಂತಗಳು. ಯೋಜನೆಗಳಿಗೆ ಮಾಡುವ ಪರಿಸರ ಪರಿಣಾಮ ಅಧ್ಯಯನದಿಂದ ಇದು ಬೇರೆ. ಆ ಅಧ್ಯಯನ ಮುಂದೆ ಆಗಬಹುದಾದ ಹಾನಿಯನ್ನು ಅಂದಾಜು ಮಾಡುತ್ತದೆ, ಇದು ಆಗಿಹೋಗಿರುವ ಹಾನಿಯನ್ನು ಹುಡುಕುತ್ತದೆ. ಜಾಗ ಕೊಳ್ಳುವಾಗ, ಬ್ಯಾಂಕಿನಲ್ಲಿ ಅಡವಿಡುವಾಗ, ಲೀಸಿನ ಅವಧಿ ಮುಗಿದು ಮಾಲೀಕನಿಗೆ ಮರಳಿಸುವಾಗ, ಎಲ್ಲಕ್ಕಿಂತ ಮುಖ್ಯವಾಗಿ ಆ ಜಾಗದಲ್ಲಿ ಮತ್ತೆ ಬೆಳೆ ತೆಗೆಯಲು ಹೊರಟಾಗ ಇದರ ಅಗತ್ಯ ಬೀಳುತ್ತದೆ.

ಭಾರತದಲ್ಲಿ ಇಂತಹ ಮೌಲ್ಯಮಾಪನ ಹೆಚ್ಚಾಗಿ ನಡೆಯುವುದು ಕೈಗಾರಿಕಾ ವಲಯಗಳಲ್ಲಿ. ಹಳ್ಳಿಯ ಹೊಲದಲ್ಲಿ ಎರಡು ಮೂರು ವರ್ಷ ಬೀಡುಬಿಟ್ಟು ಹೋಗುವ ಗುತ್ತಿಗೆದಾರರ ಯಾರ್ಡುಗಳತ್ತ ಯಾರ ಗಮನವೂ ಹರಿಯುವುದಿಲ್ಲ. ತಾತ್ಕಾಲಿಕ ಎಂಬ ಮಾತೇ ಅವಕ್ಕೆ ರಕ್ಷಣೆಯಾಗಿದೆ. ಆದರೆ ಎಣ್ಣೆ ಇಳಿದ ನೆಲಕ್ಕೆ ತಾತ್ಕಾಲಿಕ ಎಂಬುದಿಲ್ಲ. ಕೃಷ್ಣಾ ತೀರದ ಹಿಪ್ಪರಗಿ ಸುತ್ತಲಿನಂತೆ ನೀರಾವರಿಗಾಗಿ ದಶಕಗಟ್ಟಲೆ ಅಗೆತ, ಕಟ್ಟಡದ ಕೆಲಸ ನಡೆದ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ.

ಹಿಪ್ಪರಗಿ ಸೀಮೆಯ ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ ಬಳಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ಸುಮಾರು 6 ಟಿಎಂಸಿ ನೀರು ಹಿಡಿಯುತ್ತದೆ. ದಶಕಗಳ ಕಾಲ ಎಳೆದ ಕಾಮಗಾರಿಯ ನಂತರ ಈ ಶತಮಾನದ ಮೊದಲ ದಶಕದಲ್ಲಿ ಅದು ನೀರು ನಿಲ್ಲಿಸಲು ಸಿದ್ಧವಾಯಿತು. ಅದಕ್ಕೆ ಮೊದಲೇ, 1989ರಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮದೇ ಹಣ ಮತ್ತು ದುಡಿಮೆಯಿಂದ ಚಿಕ್ಕಪಡಸಲಗಿಯ ಬಳಿ ಬ್ಯಾರೇಜು ಕಟ್ಟಿ ಅದನ್ನು ಶ್ರಮಬಿಂದು ಸಾಗರ ಎಂದು ಕರೆದಿದ್ದರು. ಏತ ನೀರಾವರಿಯ ಪಂಪ್‌ಹೌಸುಗಳು, ಕಾಲುವೆಗಳು, 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ರೈಲು ಮಾರ್ಗ, ಮುಧೋಳದಿಂದ ಮಹಾಲಿಂಗಪುರ, ಚಿಕ್ಕೋಡಿ ಮೂಲಕ ನಿಪ್ಪಾಣಿಯತ್ತ ಹೋಗುವ ರಸ್ತೆಯ ಸುಧಾರಣೆ, ಸಕ್ಕರೆ ಕಾರ್ಖಾನೆಗಳ ವಿಸ್ತರಣೆ ಹೀಗೆ ಈ ಸೀಮೆಯಲ್ಲಿ ಭಾರಿ ಯಂತ್ರಗಳಿಗೆ ಕೆಲಸ ತಪ್ಪಿದ್ದೇ ಕಡಿಮೆ. ಮುಂದೆಯೂ ತಪ್ಪದು: ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿದ್ದು, ಅದು ಜಾರಿಯಾಗುವಾಗ ಕಾಲುವೆ, ಸೇತುವೆ, ಪುನರ್ವಸತಿ ಕೇಂದ್ರಗಳ ಕೆಲಸಕ್ಕೆ ಇನ್ನಷ್ಟು ಯಂತ್ರಗಳು ಬರುತ್ತವೆ.

ಕೆಲಸ ಬಂದಲ್ಲಿ ಯಾರ್ಡು ಬರುತ್ತದೆ. ರಸ್ತೆಗೆ ಹೊಂದಿಕೊಂಡ ಎರೆಹೊಲವೊಂದನ್ನು ಬಾಡಿಗೆಗೆ ಹಿಡಿದು, ಮೇಲೆ ಗರಸು ಹಾಸಿ, ತಗಡಿನ ಶೆಡ್ಡು, ಡೀಸೆಲ್ ಟ್ಯಾಂಕು, ನೀರಿನ ತೊಟ್ಟಿ ಹಾಕಿದರೆ ಯಾರ್ಡು ಸಿದ್ಧ. ಕೆಲಸ ಮುಗಿದ ಮೇಲೆ ಶೆಡ್ಡು ಬಿಚ್ಚುತ್ತಾರೆ, ಗರಸನ್ನು ಒಂದಷ್ಟು ಕೆರೆದು ತೆಗೆಯುತ್ತಾರೆ, ಮುಂದಿನ ಹಂಗಾಮಿಗೆ ಅಲ್ಲಿ ಕಬ್ಬು ನಿಲ್ಲುತ್ತದೆ.

ನೆಲಕ್ಕೆ ಇಳಿಯುವ ಪದಾರ್ಥಗಳು

ಯಾರ್ಡಿನಲ್ಲಿ ಅತಿ ಹೆಚ್ಚು ಚೆಲ್ಲುವುದು ಡೀಸೆಲ್. ಬ್ಯಾರೆಲ್ಲಿನಿಂದ ಕೈಪಂಪಿನಲ್ಲಿ ತುಂಬಿಸುವಾಗ, ಪೈಪು ಎಳೆಯುವಾಗ ಒಂದೊಂದು ಸಲಕ್ಕೆ ಚೆಲ್ಲುವುದು ಸ್ವಲ್ಪವೇ, ಆದರೆ ಅದು ಬೀಳುವುದು ದಿನವೂ ಅದೇ ಜಾಗದಲ್ಲಿ. ಎರಡನೆಯದು ಹೈಡ್ರಾಲಿಕ್ ಆಯಿಲ್. 20 ಟನ್ ದರ್ಜೆಯ ಎಕ್ಸ್‌ಕವೇಟರಿನ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಸುಮಾರು 200 ಲೀಟರ್ ಎಣ್ಣೆ ಒತ್ತಡದಲ್ಲಿ ಓಡಾಡುತ್ತಿರುತ್ತದೆ, ಹೋಸ್ ಒಡೆದರೆ ನಿಮಿಷಗಳಲ್ಲಿ ಅದರ ದೊಡ್ಡ ಪಾಲು ನೆಲದ ಮೇಲಿರುತ್ತದೆ.

ಪ್ರಮಾಣದಲ್ಲಿ ಕಡಿಮೆಯಾದರೂ ಹೆಚ್ಚು ಕೇಡು ಮಾಡುವುದು ಎಂಜಿನ್ನಿನಿಂದ ಇಳಿಸಿದ ವೇಸ್ಟ್ ಆಯಿಲ್. ಹೊಸ ಎಣ್ಣೆಯಲ್ಲಿ ಇಲ್ಲದ ಹಲವು ಪದಾರ್ಥಗಳು ಅದರಲ್ಲಿರುತ್ತವೆ: ಎಂಜಿನ್ನಿನ ಲೋಹ ಸವೆದು ಬಂದ ಸೀಸ, ತಾಮ್ರ, ಕ್ರೋಮಿಯಂ, ಇಂಧನ ಅರೆಬರೆ ಉರಿದು ಹುಟ್ಟಿದ ಪಿಎಎಚ್ ಎಂಬ ಬಹುವಲಯ ಹೈಡ್ರೋಕಾರ್ಬನ್‌ಗಳು. ಕೊನೆಯ ಗುಂಪಿನ ಕೆಲವು ಕ್ಯಾನ್ಸರ್‌ಕಾರಕ ಎಂದು ಸಾಬೀತಾಗಿವೆ. ಒಂದು ಗ್ಯಾಲನ್ ವೇಸ್ಟ್ ಆಯಿಲ್ ಹತ್ತು ಲಕ್ಷ ಗ್ಯಾಲನ್ ನೀರನ್ನು ಕುಡಿಯಲು ಬಾರದಂತೆ ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದಿರುವ ಲೆಕ್ಕ. ನಮ್ಮಲ್ಲಿ ಈ ಎಣ್ಣೆಯನ್ನು ಎಸೆಯುವುದಕ್ಕಿಂತ ಹಂಚುವುದೇ ಹೆಚ್ಚು. ಕಾಂಕ್ರೀಟು ಅಂಟದಿರಲೆಂದು ಸೆಂಟ್ರಿಂಗ್ ಶೀಟಿಗೆ ಬಳಿಯುತ್ತಾರೆ, ಗೆದ್ದಲು ಹಿಡಿಯದಿರಲೆಂದು ಬಾಗಿಲು-ತೊಲೆಗೆ ಹಚ್ಚುತ್ತಾರೆ. ಆದ್ದರಿಂದ ಯಾರ್ಡಿನ ಕೇಡು ಯಾರ್ಡಿನ ಗಡಿಯೊಳಗೇ ಇದೆ ಎಂದುಕೊಂಡು ಹೊರಟ ಮೌಲ್ಯಮಾಪನ ಅರ್ಧ ಸತ್ಯವನ್ನಷ್ಟೇ ಹಿಡಿಯುತ್ತದೆ.

ಉಳಿದವುಗಳಲ್ಲಿ ಹಳೆಯ ಬ್ಯಾಟರಿಗಳ ಸೀಸ ಮತ್ತು ಆಸಿಡ್, ರೇಡಿಯೇಟರಿನ ಕೂಲೆಂಟ್, ಬಿಡಿಭಾಗ ತೊಳೆದ ಸೀಮೆಎಣ್ಣೆ, ಬಣ್ಣದ ಥಿನ್ನರ್ ಸೇರುತ್ತವೆ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ತೀವ್ರ ಕ್ಷಾರೀಯ. ಸವಳು-ಜವಳಿನಿಂದ ಮೊದಲೇ ನಲುಗಿರುವ ನೀರಾವರಿ ಜಮೀನಿಗೆ ಅದು ಇನ್ನೊಂದು ಪೆಟ್ಟು.

ಎರೆಮಣ್ಣು ಮತ್ತು ನದಿಯ ನೀರು

ಪಾಶ್ಚಾತ್ಯ ಕೈಪಿಡಿಗಳು ಜೇಡಿಮಣ್ಣಿನ ಜಾಗವನ್ನು ಸಾಮಾನ್ಯವಾಗಿ ಸುರಕ್ಷಿತವೆಂದು ಎಣಿಸುತ್ತವೆ, ಏಕೆಂದರೆ ಜೇಡಿ ದ್ರವವನ್ನು ಕೆಳಗೆ ಬಿಡುವುದಿಲ್ಲ. ಕೃಷ್ಣಾ ತೀರದ ಎರೆಭೂಮಿಗೆ ಈ ಮಾತನ್ನು ಹಾಗೆಯೇ ಹಚ್ಚಲಾಗದು. ಇದರಲ್ಲಿರುವ ಸ್ಮೆಕ್ಟೈಟ್ ಗುಂಪಿನ ಜೇಡಿ ನೀರು ಕುಡಿದಾಗ ಉಬ್ಬಿ ಬಿಗಿಯುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಯ ಬಿರುಕು ಕೆಲವೆಡೆ ಒಂದು ಮೀಟರಿಗೂ ಆಳಕ್ಕೆ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಚೆಲ್ಲಿದ ಡೀಸೆಲ್ ಮೇಲ್ಮಣ್ಣಿನಲ್ಲಿ ನಿಧಾನ ಇಂಗುವ ಬದಲು ಈ ಬಿರುಕುಗಳಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಮುಂಗಾರು ಬಂದಾಗ ಬಿರುಕು ಮುಚ್ಚಿಕೊಂಡು ಎಣ್ಣೆ ಒಳಗೇ ಸಿಕ್ಕಿಬೀಳುತ್ತದೆ. ಗಾಳಿಯಾಡದ ಆ ಆಳದಲ್ಲಿ ಅದನ್ನು ತಿಂದು ಕರಗಿಸಬೇಕಾದ ಸೂಕ್ಷ್ಮಜೀವಿಗಳ ಕೆಲಸ ಮಂದವಾಗುತ್ತದೆ. ಮೇಲಿನ ಒಂದು ಗೇಣು ಮಣ್ಣನ್ನಷ್ಟೇ ಪರೀಕ್ಷಿಸಿ ಜಾಗ ಶುದ್ಧವಾಗಿದೆ ಎಂದು ಬರೆದ ವರದಿ ಇಲ್ಲಿ ಎಷ್ಟು ಹುಸಿಯಾಗಬಹುದು ಎಂಬುದಕ್ಕೆ ಇದೊಂದೇ ಕಾರಣ ಸಾಕು.

ಎರೆಯ ಕೆಳಗೆ ಬಹಳೆಡೆ ಶಿಥಿಲ ಬಸಾಲ್ಟ್ ಶಿಲೆ ಇದೆ. ಅದರಲ್ಲಿ ನೀರು ಓಡುವುದು ಸೀಳುಗಳ ಮೂಲಕ. ಆದ್ದರಿಂದ ಮಾಲಿನ್ಯ ಸುತ್ತಲೂ ಸಮನಾಗಿ ಹರಡದೆ ಯಾವುದೋ ಒಂದು ದಿಕ್ಕಿಗೆ ದೂರ ಹೋಗಬಹುದು, ಪಕ್ಕದ ಬಾವಿ ಚೆನ್ನಾಗಿದ್ದು ಆಚೆ ಹೊಲದ ಬೋರಿನ ನೀರಿನಲ್ಲಿ ಡೀಸೆಲ್ ವಾಸನೆ ಬರಬಹುದು.

ಬ್ಯಾರೇಜಿನ ಹಿನ್ನೀರು ಇನ್ನೊಂದು ತೊಡಕನ್ನು ತರುತ್ತದೆ. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ಅಂತರ್ಜಲದ ನೆತ್ತಿಯ ಮೇಲೆ ಪದರವಾಗಿ ತೇಲುತ್ತದೆ. ಗೇಟು ಹಾಕಿ ನೀರು ನಿಲ್ಲಿಸಿದಾಗ ದಂಡೆಯ ಅಂತರ್ಜಲ ಏರುತ್ತದೆ, ನದಿ ತಗ್ಗಿದಾಗ ಇಳಿಯುತ್ತದೆ. ಪ್ರತಿ ಏರಿಳಿತದಲ್ಲೂ ಆ ಪದರ ಮೇಲೆ ಕೆಳಗೆ ಸರಿದಾಡಿ ಎರಡು ಮಟ್ಟಗಳ ನಡುವಿನ ಮಣ್ಣಿಗೆಲ್ಲ ಎಣ್ಣೆ ಬಳಿಯುತ್ತದೆ. ಒಂದೇ ಹಂಗಾಮಿನಲ್ಲಿ ಒಂದೇ ಸಲ ಅಳೆದವರಿಗೆ ಇದು ಕಾಣಿಸುವುದಿಲ್ಲ, ಮುಂಗಾರಿಗೆ ಮುನ್ನ ಒಮ್ಮೆ, ಹಿನ್ನೀರು ತುಂಬಿದ ಮೇಲೆ ಒಮ್ಮೆ ಅಳೆಯಲೇಬೇಕು. ಪ್ರವಾಹದ ಲೆಕ್ಕ ಬೇರೆಯೇ ಇದೆ. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಈ ಭಾಗದ ನದಿತೀರದ ಹಳ್ಳಿ-ಹೊಲಗಳು ಮುಳುಗಿದ್ದವು. ಇಂತಹ ಹೊತ್ತಿನಲ್ಲಿ ತೀರದ ಯಾರ್ಡಿನ ಬ್ಯಾರೆಲ್ಲುಗಳು ತೇಲಿ ಹೋಗುತ್ತವೆ, ಎಣ್ಣೆ ಎಲ್ಲೋ ಕೆಳಗಿನ ಹೊಲದಲ್ಲಿ ಹೂಳಿನ ಜೊತೆ ಕೂರುತ್ತದೆ.

ದಾಖಲೆಯ ಹುಡುಕಾಟ

ಮೌಲ್ಯಮಾಪನದ ಮೊದಲ ಹಂತದಲ್ಲಿ ಗುದ್ದಲಿ ಮುಟ್ಟುವ ಕೆಲಸವಿಲ್ಲ, ಜಾಗದ ಚರಿತ್ರೆಯ ಹುಡುಕಾಟವಷ್ಟೇ. ಈ ಪದ್ಧತಿಯ ಬೇರು ಅಮೆರಿಕದಲ್ಲಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ತ್ಯಾಜ್ಯ ಹೂತ ಜಾಗದ ಮೇಲೆ ಮನೆ-ಶಾಲೆ ಕಟ್ಟಿದ್ದು 1978ರಲ್ಲಿ ದೊಡ್ಡ ಸುದ್ದಿಯಾಗಿ, 1980ರಲ್ಲಿ ಅಲ್ಲಿ ಸೂಪರ್‌ಫಂಡ್ ಕಾಯಿದೆ ಬಂತು. ಮಲಿನ ಜಾಗವನ್ನು ಕೊಂಡವನೂ ಶುದ್ಧೀಕರಣದ ಖರ್ಚಿಗೆ ಹೊಣೆಯಾಗಬಹುದಾದ್ದರಿಂದ ಕೊಳ್ಳುವ ಮುನ್ನ ಜಾಗದ ಚರಿತ್ರೆ ಕೆದಕುವುದು ಅಲ್ಲಿ ರೂಢಿಯಾಯಿತು. ಮಾನಕಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆ 1993ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಐಎಸ್ಒ 14015 ಎಂಬ ಅಂತರರಾಷ್ಟ್ರೀಯ ಮಾನಕ 2001ರಲ್ಲಿ ಬಂದು 2022ರಲ್ಲಿ ಪರಿಷ್ಕೃತವಾಯಿತು.

ಹಿಪ್ಪರಗಿಯಂತಹ ಊರಿನಲ್ಲಿ ಈ ಹುಡುಕಾಟ ಉತಾರದಿಂದ (ಪಹಣಿಯಿಂದ) ಆರಂಭವಾಗುತ್ತದೆ. ಸೀಮೆಯ ಆಡಳಿತ ಚರಿತ್ರೆ ಅರಿತವರಿಗೆ ಕಾಗದ ಸಿಗುವುದು ಸುಲಭ: 1948ರವರೆಗೆ ಜಮಖಂಡಿ ಮತ್ತು ಮುಧೋಳ ದೇಶೀ ಸಂಸ್ಥಾನಗಳು, ಆಮೇಲೆ ಮುಂಬಯಿ ಪ್ರಾಂತ, 1956ರಿಂದ ಮೈಸೂರು ರಾಜ್ಯ, 1997ರವರೆಗೆ ವಿಜಾಪುರ ಜಿಲ್ಲೆ, ನಂತರ ಬಾಗಲಕೋಟೆ, ತೀರ ಈಚೆಗೆ ರಬಕವಿ-ಬನಹಟ್ಟಿ ತಾಲ್ಲೂಕು. ಉತಾರದ 9ನೆಯ ಕಾಲಂ ಮಾಲೀಕರನ್ನು, 11ನೆಯದು ಸಾಲ ಮತ್ತು ಇತರ ಹಕ್ಕುಗಳನ್ನು, 12ನೆಯದು ಸಾಗುವಳಿದಾರ ಮತ್ತು ಬೆಳೆಯನ್ನು ತೋರಿಸುತ್ತದೆ. ಯಾರ್ಡು ನಡೆಯುತ್ತಿದ್ದ ವರ್ಷಗಳಲ್ಲೂ 12ನೆಯ ಕಾಲಂನಲ್ಲಿ ಕಬ್ಬು ಎಂದೇ ಬರೆದಿರಬಹುದು. ಆದ್ದರಿಂದ ಉತಾರವನ್ನು ಉಪಗ್ರಹ ಚಿತ್ರಗಳ ಜೊತೆ ಇಟ್ಟು ನೋಡಬೇಕು. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ಸುತ್ತಲಿನ ಹಸಿರು ಹೊಲಗಳ ನಡುವೆ ಗರಸು ಹಾಸಿದ ಬೋಳು ಚೌಕ ಎದ್ದು ಕಾಣುತ್ತದೆ. ಅದು ಯಾವ ವರ್ಷ ಹುಟ್ಟಿತು, ಯಾವ ಮೂಲೆಯಲ್ಲಿ ಕಪ್ಪು ಕಲೆ ಇತ್ತು ಎಂಬುದೂ ತಿಳಿಯುತ್ತದೆ. ಭೂ ಕಂದಾಯ ಕಾಯಿದೆಯ 95ನೆಯ ಕಲಮಿನಡಿ ಜಮೀನು ಎನ್ಎ (ಕೃಷಿಯೇತರ) ಆಗಿದೆಯೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಲಕೋಟೆ ಕಚೇರಿಯಲ್ಲಿ ಅನುಮತಿ ಅಥವಾ ನೋಟಿಸಿನ ಕಡತ ಇದೆಯೇ ಎಂಬುದನ್ನೂ ನೋಡುತ್ತಾರೆ.

ಕಾಗದಕ್ಕಿಂತ ಹೆಚ್ಚು ಹೇಳುವವರು ಜನ. ಸರ್ವಿಸಿಂಗ್ ಎಲ್ಲಿ ನಡೆಯುತ್ತಿತ್ತು, ತೆಗೆದ ಎಣ್ಣೆ ಯಾವ ಬ್ಯಾರೆಲ್ಲಿಗೆ ಹೋಗುತ್ತಿತ್ತು, ಯಾವ ಗುಂಡಿಯನ್ನು ಮುಚ್ಚಿದರು ಎಂಬುದು ಮೆಕ್ಯಾನಿಕ್ಕಿಗೆ, ರಾತ್ರಿ ಕಾವಲಿದ್ದವರಿಗೆ ಗೊತ್ತು. ಎಲ್ಲಿ ಬೆಳೆ ಏಳಲಿಲ್ಲ ಎಂಬುದು ಪಕ್ಕದ ಹೊಲದವರಿಗೆ ಗೊತ್ತು. ತಪ್ಪು ಯಾರದು ಎಂಬ ವಿಚಾರಣೆಯ ದನಿಯಲ್ಲಿ ಕೇಳಿದರೆ ಇವರು ಬಾಯಿ ಬಿಡುವುದಿಲ್ಲ. ನಾಳೆ ಮತ್ತೆ ಅದೇ ಗುತ್ತಿಗೆದಾರರ ಬಳಿ ಕೆಲಸ ಕೇಳಬೇಕಾದವರು ಅವರು, ಆದ್ದರಿಂದ ಹೆಸರು ಬರೆಯದೆ ಮಾಹಿತಿ ಪಡೆಯುವುದೇ ಸರಿ.

ಸ್ಥಳ ಪರಿಶೀಲನೆ ಮತ್ತು ಮಾದರಿ ಸಂಗ್ರಹ

ದಾಖಲೆ ಮತ್ತು ಮಾತುಗಳಿಂದ ಯಾರ್ಡಿನ ಹಳೆಯ ನಕ್ಷೆ ಬರೆದುಕೊಂಡ ಮೇಲೆ ಜಾಗಕ್ಕೆ ಹೋಗಬೇಕು. ಡೀಸೆಲ್ ಟ್ಯಾಂಕು ನಿಂತಿದ್ದ ಕಡೆ, ಶೆಡ್ಡಿನ ಬಾಯಿ, ವಾಷಿಂಗ್ ರ‍್ಯಾಂಪು, ಬ್ಯಾಟರಿ ಇಟ್ಟ ಮೂಲೆ, ಮಳೆನೀರು ಹರಿದು ಹೋಗುವ ಇಳಿಜಾರಿನ ಕೊನೆ ಈ ಸ್ಥಳಗಳನ್ನು ಬಿಡುವಂತಿಲ್ಲ. ಆಗರ್‌ನಿಂದ ತೂತು ಕೊರೆದು ಮೇಲ್ಪದರ, ಮೊಳದ ಆಳ, ಒಂದು ಮೀಟರ್, ಶಿಥಿಲ ಶಿಲೆ ಸಿಗುವವರೆಗೆ ಹೀಗೆ ಬೇರೆ ಬೇರೆ ಆಳದ ಮಣ್ಣು ತೆಗೆಯುತ್ತಾರೆ. ಆವಿಯಾಗುವ ಪದಾರ್ಥಗಳನ್ನು ಹುಡುಕುವುದರಿಂದ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು ತಪ್ಪು. ಗಾಜಿನ ಭರಣಿಯಲ್ಲಿ ಬಾಯಿವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಚೀಟಿಯ ಸಮೇತ ಎನ್ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಬೇಕು. ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬೆಂಜೀನ್ ಬಳಗ, ಪಿಎಎಚ್, ಸೀಸ ಮೊದಲಾದ ಲೋಹಗಳು, ಪಿಎಚ್, ಲವಣಾಂಶ ಇವು ಮೂಲ ಪರೀಕ್ಷೆಗಳು.

ಈ ಸೀಮೆಯಲ್ಲಿ ಲೋಹಗಳ ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. ಬಸಾಲ್ಟ್ ಶಿಲೆಯಿಂದ ಹುಟ್ಟಿದ ಎರೆಮಣ್ಣಿನಲ್ಲಿ ತಾಮ್ರ, ನಿಕ್ಕಲ್, ಕ್ರೋಮಿಯಂ ಸಹಜವಾಗಿಯೇ ಹೆಚ್ಚು. ಯಾವುದೋ ದೇಶದ ಮಿತಿಯೊಂದಿಗೆ ಹೋಲಿಸಿದರೆ ಯಂತ್ರವನ್ನೇ ಕಾಣದ ಹೊಲವೂ ಮಲಿನವೆಂದು ಬರಬಹುದು. ಹಾಗೆಯೇ ಯಾರ್ಡಿನ ಕಡೆಯವರು ಈ ಸಹಜ ಪ್ರಮಾಣವನ್ನೇ ನೆಪ ಮಾಡಿ ನಿಜವಾದ ಮಾಲಿನ್ಯವನ್ನು ತಳ್ಳಿಹಾಕಲೂಬಹುದು. ಪಕ್ಕದ, ಅದೇ ಬಗೆಯ ಮಣ್ಣಿನ, ಯಾರ್ಡಿನ ನೀರು ಹರಿಯದ ಹೊಲದಿಂದ ಹೋಲಿಕೆಯ ಮಾದರಿ ತೆಗೆದರೆ ಎರಡೂ ವಾದಗಳಿಗೆ ಉತ್ತರ ಸಿಗುತ್ತದೆ. ಅಂತರ್ಜಲದ ಹರಿವಿನ ದಿಕ್ಕು ತಿಳಿಯಲು ಕನಿಷ್ಠ ಮೂರು ವೀಕ್ಷಣಾ ಬಾವಿ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಖನಿಜ ತೈಲದ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ಸೀಸದ್ದು 0.01 ಮಿಲಿಗ್ರಾಂ.

ಮಣ್ಣಿನ ಬಿಗಿತವನ್ನು ಪ್ರಯೋಗಾಲಯದ ವರದಿಗಳು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತಾರು ಟನ್ ಭಾರದ ಯಂತ್ರಗಳು ಹಸಿ ಎರೆಯ ಮೇಲೆ ಓಡಾಡಿದರೆ ನೇಗಿಲು ಮುಟ್ಟದ ಆಳದಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಎಣ್ಣೆಯ ಅಂಶ ಇಲ್ಲದಿದ್ದರೂ ಅಲ್ಲಿ ಬೇರು ಇಳಿಯದು, ನೀರು ಬಸಿಯದು. ಬೇಸಾಯಕ್ಕೆ ಮರಳುವ ಜಾಗದ ಮೌಲ್ಯಮಾಪನದಲ್ಲಿ ಇದನ್ನು ಸೇರಿಸದಿದ್ದರೆ ರೈತನಿಗೆ ಆ ವರದಿಯಿಂದ ಪ್ರಯೋಜನ ಕಡಿಮೆ.

ದುರಸ್ತಿ

ಎಣ್ಣೆ ಕುಡಿದ ಮಣ್ಣನ್ನು ಅಗೆದು ಸಾಗಿಸುವುದು ವೇಗದ ದಾರಿ. ಆದರೆ ಅದನ್ನು ಕಾನೂನುಬದ್ಧವಾಗಿ ಸುರಿಯಬಹುದಾದ ಅಪಾಯಕಾರಿ ತ್ಯಾಜ್ಯ ಘಟಕ ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿದೆ. ಜಮಖಂಡಿಯಿಂದ ಅಲ್ಲಿಗೆ 400 ಕಿ.ಮೀ.ಗೂ ಹೆಚ್ಚು ದೂರ. ಸಣ್ಣ ಯಾರ್ಡುಗಳಿಗೆ ಜೈವಿಕ ದುರಸ್ತಿಯೇ ಕೈಗೆಟುಕುವುದು. ಮಣ್ಣನ್ನು ಹಾಸಿ ಆಗಾಗ ಉತ್ತು ಗಾಳಿಯಾಡಿಸಿ, ತೇವ ಕಾಯ್ದು, ಸಾರಜನಕ ಮತ್ತು ರಂಜಕದ ಗೊಬ್ಬರ ಕೊಟ್ಟರೆ ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾಗಳು ಹೈಡ್ರೋಕಾರ್ಬನ್ ತಿನ್ನುತ್ತವೆ. ದೆಹಲಿಯ ಟೆರಿ ಸಂಸ್ಥೆ ಇಂತಹ ಬ್ಯಾಕ್ಟೀರಿಯಾಗಳನ್ನು ಆಯ್ದು ಆಯಿಲ್‌ಝ್ಯಾಪರ್ ಎಂಬ ಮಿಶ್ರಣ ರೂಪಿಸಿದ್ದು, ದೇಶದ ತೈಲ ಸಂಸ್ಕರಣಾಗಾರಗಳ ತ್ಯಾಜ್ಯಕ್ಕೆ ಅದನ್ನು ಬಳಸಲಾಗಿದೆ. ಉತ್ತರ ಕರ್ನಾಟಕದ ಬಿಸಿಲು ಈ ಕೆಲಸಕ್ಕೆ ಅನುಕೂಲ, ಎರೆಯ ಜಿಗಿ ಪ್ರತಿಕೂಲ. ಜಿಗಿ ಸಡಿಲಿಸಲು ಒರಟು ಸಸ್ಯವಸ್ತು ಬೆರೆಸಬೇಕು. ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿ ಕಬ್ಬಿನ ಬಗಾಸೆಗೆ ಕೊರತೆಯಿಲ್ಲ, ಇದೇ ಉದ್ದೇಶಕ್ಕೆ ಬೇರೆ ದೇಶಗಳ ಪ್ರಯೋಗಗಳಲ್ಲೂ ಬಗಾಸೆ ಬಳಕೆಯಾಗಿದೆ.

ಡೀಸೆಲಿನ ಹಗುರ ಭಾಗಗಳು ತಿಂಗಳುಗಳಲ್ಲಿ ಕರಗುತ್ತವೆ, ಎಂಜಿನ್ ಆಯಿಲಿನ ಭಾರವಾದ ಭಾಗಗಳಿಗೆ ವರ್ಷಗಳು ಬೇಕಾಗಬಹುದು. ಸೀಸವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸದು. ಬ್ಯಾಟರಿ ಮೂಲೆಯ ಮಣ್ಣನ್ನು ಪ್ರತ್ಯೇಕವಾಗಿ ಅಗೆದು ತೆಗೆಯದೆ ಬೇರೆ ದಾರಿಯಿಲ್ಲ.

ಕಾನೂನು ಮತ್ತು ಕರಾರು

ಮಾಲಿನ್ಯದ ಹೊಣೆಗೆ ಮೂಲ ಆಧಾರ 1986ರ ಪರಿಸರ ಸಂರಕ್ಷಣಾ ಕಾಯಿದೆ. ರಾಜಸ್ಥಾನದ ಬಿಛ್ರಿಯಲ್ಲಿ ರಾಸಾಯನಿಕ ಕಾರ್ಖಾನೆಗಳು ಬಾವಿ-ಹೊಲ ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಕೆಡಿಸಿದವರೇ ಸರಿಪಡಿಸುವ ವೆಚ್ಚ ಕೊಡಬೇಕು ಎಂದು ಸಾರಿತು. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳಲ್ಲಿ ವೇಸ್ಟ್ ಆಯಿಲ್ ಪಟ್ಟಿಯಾಗಿದೆ. ಸಾಮಾನ್ಯವಾಗಿ ಅದನ್ನು 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಪರವಾನಗಿ ಇರುವ ಸಂಸ್ಕರಣಾಗಾರರಿಗೇ ಕೊಡಬೇಕು. ಬ್ಯಾಟರಿಗಳಿಗೆ 2022ರ ನಿಯಮಗಳಿವೆ. ಡೀಸೆಲನ್ನು 2,500 ಲೀಟರ್‌ವರೆಗೆ, ಯಾವ ಪಾತ್ರೆಯೂ 1,000 ಲೀಟರ್ ಮೀರದಂತೆ, ಪೆಟ್ರೋಲಿಯಂ ಕಾಯಿದೆಯಡಿ ಲೈಸೆನ್ಸ್ ಇಲ್ಲದೆ ಇಡಬಹುದು. ಸಣ್ಣ ಯಾರ್ಡುಗಳ ಸಂಗ್ರಹ ಈ ಮಿತಿಯೊಳಗೇ ಇದ್ದರೆ ತಪಾಸಣೆಗೆ ಬರುವ ಅಧಿಕಾರಿಯೇ ಇಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನ ಎರಡು ಪ್ರಕರಣಗಳನ್ನು ನೋಡಬಹುದು. ಚೆನ್ನೈನ ತೊಂಡಿಯಾರಪೇಟೆಯಲ್ಲಿ 2013ರಲ್ಲಿ ಪೈಪ್‌ಲೈನ್ ಸೋರಿ ಮನೆಗಳ ಬಾವಿ-ಬೋರಿಗೆ ಇಂಧನ ಸೇರಿತು. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ ಮೇಲೂ ಅದರ ಪಾದರಸದ ಮಣ್ಣು ಎಷ್ಟರ ಮಟ್ಟಿಗೆ ಶುದ್ಧವಾಗಬೇಕು ಎಂಬ ವಾದ ವರ್ಷಗಟ್ಟಲೆ ಎಳೆಯಿತು. ಮಲಿನ ಜಾಗಗಳಿಗೆಂದೇ ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2025ರ ಜುಲೈಯಲ್ಲಿ. ಅದರ ಪ್ರಕಾರ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗಗಳನ್ನು ಪಟ್ಟಿ ಮಾಡಿ ರಾಜ್ಯ ಮಂಡಳಿಗೆ ತಿಳಿಸಬೇಕು, ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು, ಕೆಡಿಸಿದವರು ಗೊತ್ತಾದರೆ ಖರ್ಚು ಅವರದು. ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಹಳೆಯ ಯಾರ್ಡುಗಳನ್ನು ಈ ಪಟ್ಟಿಗೆ ತರಬಹುದು.

ಕೆಶಿಪ್‌ನಂತಹ ಅಂತರರಾಷ್ಟ್ರೀಯ ಸಾಲದ ರಸ್ತೆ ಯೋಜನೆಗಳಲ್ಲಿ ಯಾರ್ಡು ನೀರಿನ ಸೆಲೆ ಮತ್ತು ವಸತಿಯಿಂದ ದೂರವಿರಬೇಕು, ಎಣ್ಣೆ ಬೇರ್ಪಡಿಸುವ ತೊಟ್ಟಿ ಇರಬೇಕು, ಕೊನೆಗೆ ಜಾಗವನ್ನು ಮೊದಲಿನ ಸ್ಥಿತಿಗೆ ತರಬೇಕು ಎಂಬ ಷರತ್ತುಗಳಿರುತ್ತವೆ. ಆದರೆ ಹೊಲದ ಮಾಲೀಕ ಮತ್ತು ಗುತ್ತಿಗೆದಾರರ ನಡುವಿನ ಬಾಡಿಗೆ ಕರಾರಿನಲ್ಲಿ ಮೊದಲಿನ ಸ್ಥಿತಿ ಎಂದರೆ ಏನೆಂದು ಬರೆದಿರುವುದು ಅಪರೂಪ. ಯಂತ್ರ ಬರುವ ಮುನ್ನವೇ ಹೊಲದ ನಾಲ್ಕೈದು ಕಡೆಯ ಮಣ್ಣು ಮತ್ತು ಬಾವಿಯ ನೀರನ್ನು ಪರೀಕ್ಷಿಸಿ, ಫೋಟೊ ಹಾಗೂ ವರದಿಯನ್ನು ಕರಾರಿಗೆ ಲಗತ್ತಿಸಿದರೆ ಮುಂದಿನ ತಕರಾರಿಗೆ ಆಧಾರ ಸಿಗುತ್ತದೆ. ಬಿಟ್ಟುಹೋಗುವಾಗ ಅದೇ ಸ್ಥಳಗಳ, ಅದೇ ಆಳಗಳ ಮಾದರಿಯನ್ನು ಮತ್ತೆ ಪರೀಕ್ಷಿಸುವುದು, ಫಲಿತಾಂಶ ಬರುವ ತನಕ ಠೇವಣಿಯ ಒಂದು ಪಾಲನ್ನು ಮಾಲೀಕನ ಬಳಿಯೇ ಉಳಿಸುವುದು, ಗರಸು ಪೂರ್ತಿ ತೆಗೆದು ಗಟ್ಟಿ ಪದರ ಒಡೆಯುವಂತೆ ಆಳವಾಗಿ ಉತ್ತುಕೊಡುವುದು ಈ ಮೂರು ಕಲಮುಗಳು ಕರಾರಿನಲ್ಲಿ ಇರಲೇಬೇಕು.